ಸಭಾಂಗಣದಲ್ಲಿ ಮರದ ಹೊಟ್ಟು

ನಾನು ಸದಸ್ಯನಾಗಿರುವ ಕನ್ನಡ ಸಂಘವೊಂದರ ಕಳೆದ ವಾರ್ಷಿಕ ಸಭೆಯಲ್ಲಿ ಒಂದು ಸಣ್ಣ ಬೇಡಿಕೆಯನ್ನು ಮುಂದಿಟ್ಟಿದ್ದೆ. ತಿಂಗಳಿಗೊಂದು ಭಾನುವಾರ, ಮಧ್ಯಾಹ್ನ ಮೂರರಿಂದ ಆರರವರೆಗೆ, ಸಭಾಂಗಣದ ಹಿಂಬದಿಯ ಕೋಣೆಯನ್ನು ನಮ್ಮ ಪುಟ್ಟ ಗುಂಪೊಂದಕ್ಕೆ ಬಿಟ್ಟುಕೊಡಬೇಕೆಂಬುದಷ್ಟೇ ಆ ಬೇಡಿಕೆ. ಬಾಡಿಗೆ ಕೊಡಲೂ ಸಿದ್ಧರಿದ್ದೆವು. ಗುಂಪಿನ ಕೆಲಸವೇನೆಂದು ಅಧ್ಯಕ್ಷರು ಕೇಳಿದರು. ಮನೆಯಲ್ಲಿ ಕೈಯಿಂದ ಗಿಟಾರು ಕಟ್ಟುವವರ ಗುಂಪು ಎಂದೆ. ಸಭೆಯಲ್ಲಿ ಸಣ್ಣ ನಗೆಯೊಂದು ಹಾದುಹೋಯಿತು. ಹಿರಿಯ ಸದಸ್ಯರೊಬ್ಬರು ಎದ್ದು, “ಗಿಟಾರು ನಮ್ಮ ಸಂಸ್ಕೃತಿಯದಲ್ಲ, ಸಂಘದ ಉದ್ದೇಶಕ್ಕೆ ಅದು ಹೊಂದುವುದಿಲ್ಲ” ಎಂದರು. ಅವರು ಕುಳಿತ ಮೇಲೆ ಇನ್ನೊಬ್ಬರು ಮೆಲುದನಿಯಲ್ಲಿ, “ಮರದ ಹೊಟ್ಟು ಬೀಳುತ್ತದಲ್ಲ ಸ್ವಾಮಿ, ಅದನ್ನು ಗುಡಿಸುವವರು ಯಾರು?” ಎಂದರು. ಬೇಡಿಕೆ ಬಿದ್ದುಹೋಯಿತು.

ಮೊದಲನೆಯ ಆಕ್ಷೇಪಕ್ಕೆ ಉತ್ತರ ಕೊಡುವುದು ಸುಲಭ. ಎರಡನೆಯದು ನನ್ನನ್ನು ಇಷ್ಟು ದಿನ ಕಾಡಿದೆ. ಅದರ ಕುರಿತೇ ಈ ಲೇಖನ.

ನಮ್ಮದು ಏಳು ಜನರ ಗುಂಪು. ವೇಲಚೇರಿ, ಮಡಿಪಾಕ್ಕಂ, ತರಮಣಿ, ಹೀಗೆ ಒಂದು ಬಸ್ಸಿನ ದೂರದಲ್ಲಿ ಎಲ್ಲರ ಮನೆಗಳು. (ವೇಲಚೇರಿಯ ಬಸ್ ನಿಲ್ದಾಣಕ್ಕೆ ವಿಜಯನಗರವೆಂದು ಹೆಸರು. ಕಂಡಕ್ಟರು ಅದನ್ನು ಕೂಗಿದಾಗಲೆಲ್ಲ ಮೂವತ್ತು ವರ್ಷಗಳಿಂದ ನನ್ನ ಕಿವಿ ವಿನಾಕಾರಣ ನಿಮಿರುತ್ತದೆ.) ನಾನು ಬ್ಯಾಂಕಿನಿಂದ ನಿವೃತ್ತನಾದವನು. ಪ್ರಯೋಗಾಲಯವೊಂದರಲ್ಲಿ ಲೇತು ನಡೆಸುತ್ತಿದ್ದ ನಿವೃತ್ತರೊಬ್ಬರು, ಭೌತಶಾಸ್ತ್ರದ ಅಧ್ಯಾಪಕಿಯೊಬ್ಬರು, ದಂತವೈದ್ಯರೊಬ್ಬರು, ಕಂಪ್ಯೂಟರ್ ಕಂಪನಿಗಳ ಮೂವರು ತರುಣರು ಇದ್ದಾರೆ. ಕನ್ನಡಿಗರು ನಾವಿಬ್ಬರೇ, ಉಳಿದವರು ತಮಿಳರು, ಒಬ್ಬರು ಮಲಯಾಳಿ. ಒಬ್ಬರ ಕಾರ್ಯಾಗಾರ ಕಾರು ನಿಲ್ಲಿಸುವ ಜಾಗ, ಇನ್ನೊಬ್ಬರದು ಬಾಲ್ಕನಿ, ದಂತವೈದ್ಯರದು ಅಡುಗೆಮನೆಯ ಹಿಂದಿನ ಒಗೆಯುವ ಕಟ್ಟೆ. ನನ್ನದು ತಾರಸಿಯ ಮೇಲಿನ ತಗಡಿನ ಮಾಡು.

ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ನಮ್ಮಲ್ಲೊಂದು ಅಲಿಖಿತ ನಿಯಮವುಂಟು: ಮುಗಿದ ವಾದ್ಯವನ್ನು ತರುವಂತಿಲ್ಲ. ಆ ತಿಂಗಳು ಕೆಲಸ ಎಲ್ಲಿಗೆ ನಿಂತಿದೆಯೋ ಅದನ್ನೇ ತರಬೇಕು. ಸೀಳಿದ ಪಟ್ಟಿಯಾದರೆ ಸೀಳಿದ ಪಟ್ಟಿ, ತಪ್ಪು ಕೊರೆದ ರಂಧ್ರವಾದರೆ ಆ ರಂಧ್ರ. ಗಿಟಾರಿನ ಸೊಂಟದ ಬಳುಕಿಗೆ ಬೇಕಾದ ಪಕ್ಕದ ಪಟ್ಟಿಗಳನ್ನು ಎರಡು ಮಿಲಿಮೀಟರಿನಷ್ಟು ತೆಳುವಾಗಿ ಹೆರೆದು, ನೀರು ಸವರಿ, ಒಳಗಿನಿಂದ ಕಾಯಿಸಿದ ಕಬ್ಬಿಣದ ಕೊಳವೆಯ ಮೇಲೆ ನಿಧಾನವಾಗಿ ಒತ್ತಿ ಬಗ್ಗಿಸಬೇಕು. ಮರ ಯಾವ ಗಳಿಗೆಯಲ್ಲಿ ಒಪ್ಪಿಕೊಳ್ಳುತ್ತದೆಂಬುದು ಅಂಗೈಗೆ ತಿಳಿಯಬೇಕೇ ಹೊರತು ಪುಸ್ತಕದಿಂದ ತಿಳಿಯುವುದಿಲ್ಲ. ಅವಸರಿಸಿದರೆ ಟಕ್ಕೆಂದು ಮುರಿಯುತ್ತದೆ. ಆ ಮುರಿದ ಪಟ್ಟಿಯನ್ನು ಏಳು ಜನರ ನಡುವೆ ಇಟ್ಟು, “ಇಲ್ಲಿ ಏಕೆ ಮುರಿಯಿತು?” ಎಂದು ಕೇಳುವುದೇ ನಮ್ಮ ಸಭೆಯ ಕಾರ್ಯಕಲಾಪ.

ನಾನು ಒಯ್ದ ಮೊದಲ ತಪ್ಪು ಮೆಟ್ಟಿಲುಗಳದು. ತಂತಿಯ ಉದ್ದ 650 ಮಿಲಿಮೀಟರ್ ಎಂದಿಟ್ಟುಕೊಂಡರೆ, ಅದನ್ನು 17.817ರಿಂದ ಭಾಗಿಸಿದಾಗ ಬರುವ 36.48 ಮಿಲಿಮೀಟರ್ ದೂರದಲ್ಲಿ ಮೊದಲ ಮೆಟ್ಟಿಲು ಬರಬೇಕು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಸಾಗಿದರೆ ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ನಡುವೆ, 325ಕ್ಕೆ ಬಂದು ನಿಂತು ಮೇಲಿನ ಷಡ್ಜವನ್ನು ಕೊಡುತ್ತದೆ. ಲೆಕ್ಕವನ್ನು ನಾನು ತಪ್ಪಲಿಲ್ಲ, ಬ್ಯಾಂಕಿನವನಲ್ಲವೆ! ಆದರೆ ಪ್ರತಿಯೊಂದು ಮೆಟ್ಟಿಲನ್ನೂ ಅದರ ಹಿಂದಿನದರಿಂದ ಅಳೆದು ಗೆರೆ ಎಳೆಯುತ್ತಾ ಹೋದೆ. ಒಂದೊಂದು ಗೆರೆಯಲ್ಲಿಯೂ ಪೆನ್ಸಿಲಿನ ದಪ್ಪದಷ್ಟು ಸೇರಿ, ಹನ್ನೆರಡಕ್ಕೆ ಬರುವಷ್ಟರಲ್ಲಿ ಒಂದೂವರೆ ಮಿಲಿಮೀಟರ್ ಜಾರಿಹೋಗಿತ್ತು. ಎಲ್ಲ ಅಳತೆಯನ್ನೂ ಮೇಲುತುದಿಯಿಂದಲೇ ತೆಗೆಯಬೇಕೆಂದು ಅಧ್ಯಾಪಕಿಯವರು ಹೇಳಿಕೊಟ್ಟರು. ವೀಣೆಯಲ್ಲಾದರೆ ಈ ಭಯವಿಲ್ಲ. ಅದರ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಕಿವಿಯಿಟ್ಟು ಕೇಳುತ್ತಾ ಮೇಳ ಕಟ್ಟುವವರು ಕೂದಲೆಳೆಯಷ್ಟು ಸರಿಸಿ ಸರಿಪಡಿಸಬಲ್ಲರು. ಗಿಟಾರಿನಲ್ಲಿ ಒಮ್ಮೆ ಗರಗಸ ಆಡಿಸಿದರೆ ಮುಗಿಯಿತು. ಆ ಹಲಗೆ ಈಗಲೂ ನನ್ನ ಮಾಡಿನಲ್ಲಿ ತೂಗುತ್ತಿದೆ. ಹೊಸದಾಗಿ ಸೇರಿದ ತರುಣರಿಗೆ ಮೊದಲು ತೋರಿಸುವುದು ಅದನ್ನೇ.

ಈಗ ಮೊದಲನೆಯ ಆಕ್ಷೇಪಕ್ಕೆ ಬರುತ್ತೇನೆ. ಗಿಟಾರು ನಮ್ಮದಲ್ಲವಂತೆ. ಪಿಟೀಲು ಯಾರದಾಗಿತ್ತು? ತಿರುಮಕೂಡಲಿನ ಚೌಡಯ್ಯನವರು ಆ ಪರದೇಶಿ ವಾದ್ಯಕ್ಕೆ ತಂತಿಗಳನ್ನು ಹೆಚ್ಚಿಸಿ ಏಳಕ್ಕೇರಿಸಿದರು. ಧ್ವನಿವರ್ಧಕದ ನೆರವಿಲ್ಲದ ಸಭೆಗಳಲ್ಲಿ ಕಟ್ಟಕಡೆಯ ಸಾಲಿಗೂ ನಾದ ಮುಟ್ಟಬೇಕೆಂಬುದು ಅವರ ಹಂಬಲವಾಗಿತ್ತು. ಅವರಿಗೆ 1957ರಲ್ಲಿ ‘ಸಂಗೀತ ಕಲಾನಿಧಿ’ ಬಿರುದನ್ನಿತ್ತು ಗೌರವಿಸಿದ್ದು ಇದೇ ಮದರಾಸಿನ ಸಂಗೀತ ಅಕಾಡೆಮಿ. ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನನ್ನು ಕಛೇರಿಯ ವೇದಿಕೆಗೆ ತಂದಾಗ ಅವರ ಹೆಸರಿನಿಂದ ಹೆಮ್ಮೆಪಟ್ಟವರು ನಾವೇ. ಇನ್ನು ಗಿಟಾರಿನ ಮಾತು. ನಮ್ಮ ಸಂಘಗಳ ರಾಜ್ಯೋತ್ಸವದಲ್ಲಿ ಕಣ್ಣು ಮುಚ್ಚಿ ಹಾಡುವ ಹಳೆಯ ಚಿತ್ರಗೀತೆಗಳಲ್ಲಿ ಎಷ್ಟೋ ಧ್ವನಿಮುದ್ರಣಗೊಂಡದ್ದು ಈ ಊರಿನ ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿ. ಜಿ. ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದು ಗಿಟಾರು ನುಡಿಸುತ್ತಿದ್ದ ತರುಣ ಮುಂದೆ ಇಳಯರಾಜಾ ಎಂದು ಪ್ರಸಿದ್ಧರಾದರು. ಹಾಡು ನಮ್ಮದು, ಅದರೊಳಗಿನ ತಂತಿ ಮಾತ್ರ ಪರರದು ಎಂಬ ತರ್ಕ ನನಗೆ ಅರ್ಥವಾಗುವುದಿಲ್ಲ.

ಆದರೆ ನನ್ನ ಮುಖ್ಯ ಸಾಕ್ಷಿ ಸಂಗೀತದ್ದಲ್ಲ, ಮರದ್ದು. ನಾನು ಮೂಡಿಗೆರೆಯ ಕಡೆಯವನು. ನಮ್ಮ ಕಾಫಿ ತೋಟದ ನೆರಳಿಗಿದ್ದ ಮರಗಳಲ್ಲಿ ಬೀಟೆಯೂ ಒಂದು. ಮನೆಯ ತೊಲೆ, ಬಾಗಿಲು, ಅಜ್ಜಿಯ ಮಂಚ ಎಲ್ಲವೂ ಬೀಟೆಯವೇ. ಜಗತ್ತಿನ ಗಿಟಾರು ತಯಾರಕರು ಬಹುಕಾಲ ಬ್ರೆಜಿಲಿನ ಬೀಟೆಯನ್ನು ನೆಚ್ಚಿದ್ದರು. ಅದು ದುರ್ಲಭವಾಗುತ್ತಾ ಬಂದಂತೆ, ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು; ಉಳಿದವರೂ ಹಿಂಬಾಲಿಸಿದರು. ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನು 1992ರಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ನಿಲ್ಲಿಸಲಾಯಿತು. ಅಂದಿನಿಂದ ಪಶ್ಚಿಮಘಟ್ಟದ ಬೀಟೆ ಲೋಕದ ನಾನಾ ಮೂಲೆಗಳಲ್ಲಿ ಗಿಟಾರಿನ ಬೆನ್ನಾಗಿದೆ, ಪಕ್ಕೆಯಾಗಿದೆ. ಸ್ವಂತ ತೋಟದ ಬೀಟೆಯೊಂದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿಗಾಗಿ ನಮ್ಮ ತಂದೆಯವರು ಅಲೆದಾಡಿದ್ದನ್ನು ಕಂಡವನು ನಾನು. ಆ ಮರವೇ ಎಲ್ಲೋ ಒಂದು ಪರದೇಶದ ವೇದಿಕೆಯ ಮೇಲೆ ಹಾಡುತ್ತಿರಬಹುದೆಂಬುದನ್ನು ಅವರು ಬದುಕಿರುವ ತನಕ ತಿಳಿದಿರಲಿಲ್ಲ.

ಈ ಮರಕ್ಕೆ ರಾಜಕೀಯವೂ ಉಂಟು. 2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಮರವನ್ನು ವಶಪಡಿಸಿಕೊಂಡರು. ಅದರಲ್ಲಿ ಬೆರಳೊತ್ತುವ ಹಲಗೆಗೆಂದು ಭಾರತದಿಂದ ಹೋಗಿದ್ದ ಬೀಟೆ ಮತ್ತು ಕರಿಮರದ ತುಂಡುಗಳಿದ್ದವು. ಅಷ್ಟು ದಪ್ಪದ ತುಂಡನ್ನು ಭಾರತದ ಕಾನೂನು ಹೊರಗೆ ಬಿಡುತ್ತದೆಯೇ ಇಲ್ಲವೇ ಎಂಬುದೇ ವಾದದ ತಿರುಳು. ಮರುವರ್ಷ ಮೂರು ಲಕ್ಷ ಡಾಲರ್ ದಂಡದೊಂದಿಗೆ ರಾಜಿಯಾದಾಗ, ಭಾರತದ ನಿಯಮಗಳ ವಿಷಯದಲ್ಲಿ ಗೊಂದಲವಿದೆಯೆಂದು ಇಬ್ಬರೂ ಬರೆದುಕೊಂಡರು. 2017ರ ಜನವರಿಯಿಂದ ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳಿಗೂ ಅಂತರರಾಷ್ಟ್ರೀಯ ಪರವಾನಗಿ ಕಡ್ಡಾಯವಾಯಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತದ್ದು 2019ರಲ್ಲಿ. ನಮ್ಮ ನೆರೆಯ ತಮಿಳುನಾಡು ಬೀಟೆ ಮರಗಳ ರಕ್ಷಣೆಗೆಂದೇ 1994ರಲ್ಲಿ ಪ್ರತ್ಯೇಕ ಕಾಯಿದೆಯೊಂದನ್ನು ಮಾಡಿತು. ಈ ನಿರ್ಬಂಧಗಳನ್ನು ನಾನು ವಿರೋಧಿಸುವವನಲ್ಲ. ಬೀಟೆ ಬಲಿಯಲು ಮನುಷ್ಯನ ಒಂದು ಆಯುಷ್ಯ ಸಾಲದು. ಆದುದರಿಂದ ನಮ್ಮ ಗುಂಪಿನಲ್ಲಿ ಹೊಸ ಮರ ಕೊಳ್ಳುವುದಿಲ್ಲ. ಮುರಿದ ಬಾಗಿಲು, ಹಳೆಯ ಮೇಜು, ಕಪಾಟಿನ ಹಲಗೆ ಇವೇ ನಮ್ಮ ಬಂಡವಾಳ. ಊರಿನ ಮನೆ ಪಾಲಾದಾಗ ನನ್ನ ಪಾಲಿಗೆ ಬಂದದ್ದು ಅಜ್ಜಿಯ ಮಂಚ. ಅದರ ತಲೆದೆಸೆಯ ಹಲಗೆಯನ್ನು ಸಾಮಿಲ್ಲಿನಲ್ಲಿ ಪುಸ್ತಕ ತೆರೆದಂತೆ ಎರಡಾಗಿ ಸೀಳಿಸಿ, ನನ್ನ ಮೊದಲನೆಯ ಗಿಟಾರಿನ ಬೆನ್ನು ಮಾಡಿದೆ. ಸೀಳಿದಾಗ ಎದ್ದ ಪರಿಮಳಕ್ಕೆ ನಮ್ಮ ಮನೆಯಾಕೆ, “ಅತ್ತೆಯವರ ಕೋಣೆಯ ವಾಸನೆ” ಎಂದಳು. ಇದು ಯಾರ ಸಂಸ್ಕೃತಿಯೆಂದು ಸಂಘದ ಹಿರಿಯರೇ ಹೇಳಲಿ.

ಬರಿಯ ಮರದಿಂದಲೇ ವಾದ್ಯ ಹಾಡುತ್ತದೆಂದು ಭಾವಿಸಿದರೆ ತಪ್ಪಾದೀತು. ಸ್ಪೇನಿನ ಅಂತೋನಿಯೋ ದೆ ತೋರೆಸ್ ಎಂಬ ಕುಶಲಿ 1862ರಲ್ಲಿ ಬೆನ್ನು, ಪಕ್ಕಗಳನ್ನೆಲ್ಲ ಕಾಗದದ ಮುದ್ದೆಯಿಂದಲೇ ಮಾಡಿ, ಮೇಲುಹಲಗೆಯೊಂದನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿ ಗಿಟಾರು ಕಟ್ಟಿದ. ನಾದದ ಜೀವ ಆ ಮೇಲುಹಲಗೆಯಲ್ಲಿಯೂ ಅದರ ಒಳಮೈಗೆ ಅಂಟಿಸಿದ ಆಸರೆ ಪಟ್ಟಿಗಳಲ್ಲಿಯೂ ಇದೆಯೆಂದು ತೋರಿಸುವುದು ಅವನ ಗುರಿಯಾಗಿತ್ತು. ಎಂದರೆ ಕೇಳುಗರ ಕಣ್ಣಿಗೆ ಎಂದೂ ಬೀಳದ ಒಳಭಾಗದ ಕೆಲಸವೇ ದೊಡ್ಡದು.

ನನ್ನ ಆ ಮೊದಲನೆಯ ಗಿಟಾರಿಗೆ 2015ರ ಡಿಸೆಂಬರಿನಲ್ಲಿ ಗಂಡಾಂತರ ಬಂತು. ಆಗ ನನ್ನ ಕಾರ್ಯಾಗಾರ ನೆಲಮಹಡಿಯಲ್ಲಿತ್ತು. ವೇಲಚೇರಿ ಕೆರೆಯೂ ಪಳ್ಳಿಕರಣೆಯ ಜೌಗೂ ಕಟ್ಟಡಗಳಿಗೆ ಜಾಗ ಕೊಟ್ಟು ಕೊಟ್ಟು ಕಿರಿದಾಗಿದ್ದವು. ಮಳೆಯ ನೀರು ತನ್ನ ಹಳೆಯ ಜಾಗವನ್ನು ಕೇಳಿಕೊಂಡು ಬಂದಿತು. ಮೂರು ದಿನ ನಾವು ಮೇಲಿನ ಮಹಡಿಯವರ ಆಶ್ರಯದಲ್ಲಿದ್ದೆವು. ನೀರಿಳಿದು ಬಾಗಿಲು ತೆರೆದಾಗ ಗಿಟಾರು ಗಿಟಾರಾಗಿರಲಿಲ್ಲ. ಬೆನ್ನು ಒಂದು ಕಡೆ, ಪಕ್ಕದ ಪಟ್ಟಿಗಳು ಇನ್ನೊಂದು ಕಡೆ ಕೆಸರಿನಲ್ಲಿ ಬಿದ್ದಿದ್ದವು. ಅದೃಷ್ಟವೆಂದರೆ ನಾನು ಬಳಸಿದ್ದು ನಮ್ಮ ಬಡಗಿಗಳ ಹಳೆಯ ಮರವಜ್ರ, ಚರ್ಮ ಮೂಳೆಗಳನ್ನು ಕುದಿಸಿ ತೆಗೆಯುವ ಅಂಟು. ನೀರು, ಬಿಸಿ ತಾಗಿದರೆ ಅದು ಹಿಡಿತ ಬಿಡುತ್ತದೆ. ಆದುದರಿಂದ ಮರ ಹರಿಯದೆ, ಕೀಲು ಕೀಲಾಗಿ ಬಿಚ್ಚಿಕೊಂಡಿತ್ತು. ಗುಂಪಿನವರು ಬಂದು ತುಂಡುಗಳನ್ನು ತೊಳೆದು, ಕಾಗದದ ನಡುವೆ ಹೇರಿಟ್ಟು, ತಮ್ಮ ತಮ್ಮ ಮನೆಗಳಲ್ಲಿ ಹಂಚಿಕೊಂಡು ಒಣಗಿಸಿದರು. ಮೇಲುಹಲಗೆ ಹಾಳಾಯಿತು. ಅಜ್ಜಿಯ ಹಲಗೆ ಉಳಿಯಿತು.

ಅವರೇ ಮುಂದಿನ ಸೆಪ್ಟೆಂಬರಿನಲ್ಲಿ, ಕಾವೇರಿಯ ಜಗಳ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳನ್ನು ಸುಟ್ಟು, ಇಲ್ಲಿ ಕನ್ನಡಿಗರ ಹೊಟೇಲಿನ ಮೇಲೆ ಬೆಂಕಿ ಎಸೆದ ವಾರದಲ್ಲಿ, ತಿಂಗಳ ಸಭೆಯನ್ನು ನನ್ನ ಮನೆಯಲ್ಲಿಯೇ ಇಡಬೇಕೆಂದು ಹಟ ಹಿಡಿದು ಬಂದರು. ಅಂದು ಯಾರೂ ನೀರಿನ ಮಾತೆತ್ತಲಿಲ್ಲ. ಲೇತಿನ ಹಿರಿಯರು ಉಳಿ ಮಸೆಯುತ್ತಾ, “ನಿಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತೀರಿ?” ಎಂದರು. ಉಳಿ ಎಂದೆ. ಅವರಲ್ಲಿಯೂ ಉಳಿಯೇ. ಅರ ಅವರಿಗೆ ಅರಮ್. ತಂತಿಯನ್ನು ಹೊರುವ ಕುದುರೆ ಅವರಿಗೂ ಕುದಿರೈ. ಕೀಸುಳಿ ಎಂಬ ಮಾತನ್ನು ಮಾತ್ರ ಅವರು ಎರಡು ಸಲ ಹೇಳಿಸಿಕೊಂಡರು. ನನ್ನ ಮಗನಿಗೆ ಅದು ಎರಡು ಸಲ ಹೇಳಿದರೂ ತಿಳಿಯಲಿಲ್ಲ. ಅವನು ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಬಹುಮಾನ ಪಡೆದವನು. ಭಾಷೆಯನ್ನು ನಾವು ಹಾಡು, ಭಾಷಣ, ನಾಟಕಗಳಿಂದ ಕಲಿಸುತ್ತಿದ್ದೇವೆ, ಕೆಲಸದಿಂದ ಕಲಿಸುತ್ತಿಲ್ಲ. ಬಾಚಿ, ಬಿರಡೆ, ಕೀಸುಳಿಗಳು ನಿಘಂಟಿಗೆ ಸರಿದುಹೋದದ್ದು ತಮಿಳರಿಂದಲ್ಲ, ಇಂಗ್ಲಿಷಿನಿಂದಲೂ ಅಲ್ಲ. ಅವನ್ನು ಹಿಡಿಯುವ ಕೈಗಳನ್ನು ನಾವು ಸಭೆಗೆ ಕರೆಯದಿದ್ದುದರಿಂದ.

ಇಲ್ಲಿಗೆ ಹೊಟ್ಟಿನ ಪ್ರಶ್ನೆಗೆ ಬಂದೆವು. ನಮ್ಮ ಸಂಘಗಳಿಗೆ ಮುಗಿದ ವಸ್ತುವಷ್ಟೇ ಗೊತ್ತು. ಅಚ್ಚಾದ ಪುಸ್ತಕ, ಪಳಗಿದ ಗಾಯನ, ಪದವಿ ಪಡೆದ ಪಂಡಿತ. ಅವಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ. ನಲವತ್ತು ವರ್ಷಗಳಲ್ಲಿ ನಮ್ಮ ವೇದಿಕೆಯಲ್ಲಿ ಎಷ್ಟೋ ವೈಣಿಕರಿಗೆ ಸನ್ಮಾನ ಮಾಡಿದ್ದೇವೆ. ಹಲಸಿನ ಕೊಡವನ್ನು ಕೊರೆದು, ದಂಡಿ ಕೂಡಿಸಿ, ಬಿರಡೆ ತಿರುವಿ ಆ ವೀಣೆಯನ್ನು ಮಾಡಿದವನನ್ನು ಒಮ್ಮೆಯೂ ಕರೆದದ್ದು ನನಗೆ ನೆನಪಿಲ್ಲ. ತಂಜಾವೂರು ವೀಣೆಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಮಾನ್ಯತೆ ಬಂದದ್ದು ಊರಿಗೆ, ವಸ್ತುವಿಗೆ. ಮಾಡಿದ ಕೈ ಅನಾಮಿಕವಾಗಿಯೇ ಉಳಿಯುತ್ತದೆ. ಮೃದಂಗ ತಯಾರಿಸುವವರ ಬದುಕನ್ನು ಕುರಿತು ಟಿ. ಎಂ. ಕೃಷ್ಣ ಅವರು ಬರೆದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕದ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ನಮ್ಮ ಪಕ್ಕದ ತಿರುವಾನ್ಮಿಯೂರಿನ ಕಲಾಕ್ಷೇತ್ರವು 2020ರಲ್ಲಿ ಹಿಂತೆಗೆದುಕೊಂಡಿತು. ಬಿಡುಗಡೆ ಬೇರೆಡೆಗೆ ಹೋಯಿತು. ಚರ್ಮ ಹದಮಾಡುವ ಮಾತು ಬಂದಲ್ಲಿ ಸಭಾಂಗಣಗಳು ಇಕ್ಕಟ್ಟಾಗುತ್ತವೆ. ನಾದ ಬೇಕು, ಅದು ಹುಟ್ಟುವ ಜಾಗದ ಕಸ ಬೇಡ. “ಗುಡಿಸುವವರು ಯಾರು?” ಎಂಬ ಪ್ರಶ್ನೆಯ ಹಿಂದೆ, ಕೈಯಿಂದ ದುಡಿಯುವವರು ಬೇರೆ, ಸಭೆಯಲ್ಲಿ ಕೂರುವವರು ಬೇರೆ ಎಂಬ ಬಹು ಹಳೆಯ ಏರ್ಪಾಟು ಅಡಗಿದೆ. ಅದನ್ನು ಕೇಳಿದ ಮಹನೀಯರು ಸಜ್ಜನರು. ಕೇಳಿದ್ದು ಅವರೊಬ್ಬರೇ ಅಲ್ಲ.

ನನ್ನನ್ನೂ ನಾನು ಬಿಟ್ಟುಕೊಳ್ಳಲಾರೆ. ಉಳಿ ಮಸೆಯುವುದನ್ನು ನನಗೆ ಕಲಿಸಿದವರು ವೇಲಚೇರಿಯ ಹಳೆಯ ಬಡಗಿಯೊಬ್ಬರು. ಮಸೆಗಲ್ಲಿನ ಮೇಲೆ ನನ್ನ ಮಣಿಕಟ್ಟನ್ನು ಹಿಡಿದು ಎರಡು ವಾರ ತಿದ್ದಿದರು. ನಮ್ಮ ಸಭೆಗೆ ಬನ್ನಿರೆಂದು ಕರೆದಾಗ ಬರಲಿಲ್ಲ. “ನಿಮಗಿದು ಹೊತ್ತು ಕಳೆಯುವ ಕೆಲಸ ಸಾರ್, ನನಗೆ ಭಾನುವಾರದ ಕೂಲಿ ಹೋಗುತ್ತದೆ” ಎಂದರು. ಪಿಂಚಣಿ ಬರುವವನ ಹವ್ಯಾಸವನ್ನು ಕಲೆಯೆಂದೂ, ಹೊಟ್ಟೆಪಾಡಿನವನ ಕಲೆಯನ್ನು ಕೂಲಿಯೆಂದೂ ಕರೆಯುವ ಲೋಕದಲ್ಲಿ ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗುಂಪಿನಲ್ಲಿ ಚರ್ಚಿಸಿದೆವು. ಈಗ ಪ್ರತಿ ಸಭೆಗೂ ಅವರ ಒಂದು ದಿನದ ಪೂರ್ತಿ ಕೂಲಿಯನ್ನು ನಾವು ಏಳು ಜನ ಕೂಡಿಸಿ ಕೊಡುತ್ತೇವೆ. ಅವರು ಗುರುವಿನ ಜಾಗದಲ್ಲಿ ಕೂತು ನಮ್ಮ ಕೀಲುಗಳನ್ನು ಬೈಯುತ್ತಾರೆ. ಇದರಿಂದ ಎಲ್ಲ ಸರಿಯಾಯಿತೆಂದು ನಾನು ನಂಬಿಲ್ಲ. ಅವರ ಮಗ ಉಳಿ ಹಿಡಿಯುವುದಿಲ್ಲ, ಮನೆಮನೆಗೆ ಊಟ ತಲುಪಿಸುವ ಕಂಪನಿಯೊಂದಕ್ಕೆ ಬೈಕು ಓಡಿಸುತ್ತಾನೆ.

ಆದುದರಿಂದ ಮುಂದಿನ ಸಭೆಯಲ್ಲಿ ನನ್ನ ಬೇಡಿಕೆಯನ್ನು ತಿದ್ದಿ ಮಂಡಿಸುವವನಿದ್ದೇನೆ. ಹಿಂಬದಿಯ ಕೋಣೆ ಗಿಟಾರಿನವರಿಗೆ ಮಾತ್ರ ಬೇಡ. ತಿಂಗಳ ಆ ಮೂರು ಗಂಟೆ, ಕೈಕೆಲಸದಲ್ಲಿ ತೊಡಗಿದ ಯಾರೇ ಆಗಲಿ, ಅರ್ಧಕ್ಕೆ ನಿಂತ ತಮ್ಮ ಕೆಲಸವನ್ನು ತಂದು ತೋರಿಸುವಂತಾಗಲಿ. ಕಸೂತಿಯಾಗಲಿ, ತೊಗಲುಗೊಂಬೆಯಾಗಲಿ, ಬೊಂಬಿನ ಕೊಳಲಾಗಲಿ. ಮಾಡುವವರು ಯಾವ ನುಡಿಯವರಾದರೂ ಆಗಲಿ. ಹೆಸರುಗಳನ್ನು ಕನ್ನಡದಲ್ಲಿ ಹೇಳಿಕೊಡುವ ಹೊಣೆ ನಮ್ಮದು. ಕಲಿಸಲು ಬರುವ ಕುಶಲಕರ್ಮಿಗೆ ಶಾಲಿನ ಬದಲು ಆ ದಿನದ ಕೂಲಿಯನ್ನು ಸಂಘದ ನಿಧಿಯಿಂದ ಕೊಡಲಿ. ಈ ವರ್ಷದ ಶಾಲು, ಹಾರಗಳ ಖರ್ಚಿನ ಲೆಕ್ಕವನ್ನು ನಾನು ನೋಡಿದ್ದೇನೆ. ಅದರ ಅರ್ಧ ಸಾಕು. ಹೊಟ್ಟನ್ನು ನಾವೇ ಗುಡಿಸುತ್ತೇವೆ, ಪೊರಕೆಯನ್ನೂ ತರುತ್ತೇವೆ.

ಅಜ್ಜಿಯ ಹಲಗೆಯ ಗಿಟಾರು ಮಾತ್ರ ಇನ್ನೂ ಮುಗಿದಿಲ್ಲ. ಕಡಲ ಬದಿಯ ಈ ಊರಿನಲ್ಲಿ ಗಾಳಿಯ ತೇವ ದೊಡ್ಡ ವೈರಿ. ತೇವ ಕುಡಿದ ಮರವನ್ನು ಅಂಟಿಸಿ ಮುಚ್ಚಿದರೆ, ವಾದ್ಯ ಒಣ ಊರಿಗೆ ಹೋದಾಗ ಕುಗ್ಗಿ ಬಿರಿಯುತ್ತದೆ. ನಮ್ಮ ಒಬ್ಬ ತರುಣ ಕಟ್ಟಿದ ಗಿಟಾರು ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಒಂದೇ ವಾರಕ್ಕೆ ಮೇಲಿನಿಂದ ಕೆಳಗೆ ಸೀಳಿತು. ಹೊಸ ಮೇಲುಹಲಗೆಯನ್ನು ಹೆರೆದಿಟ್ಟಿದ್ದೇನೆ, ಆಸರೆ ಪಟ್ಟಿಗಳೂ ಸಿದ್ಧವಾಗಿವೆ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ, ಪಡುವಣ ಗಾಳಿ ಬೀಸಿ ಕಡಲಗಾಳಿ ಇನ್ನೂ ಏಳದಿರುವ ಮಧ್ಯಾಹ್ನಗಳಲ್ಲಿ, ತೇವಮಾಪಕದ ಮುಳ್ಳು ಐವತ್ತರ ಕೆಳಗೆ ಇಳಿಯುವುದುಂಟು. ಅಂಥ ಎರಡು ಮೂರು ಮಧ್ಯಾಹ್ನಗಳಿಗಾಗಿ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಬೆನ್ನು ಮುಚ್ಚದೆ ಹಾಗೆಯೇ ಇಟ್ಟಿದ್ದೇನೆ; ಒಳಗಿನ ಕೆಲಸವನ್ನು ನೋಡಬಯಸುವ ಓದುಗರು ತಾರಸಿಗೆ ಬರಬಹುದು.